ಸಿದ್ದಿಗಳ ಡಮಾಮಿ

ಕೆಂಗೇರಿಯ ಬಸ್ ನಿಲ್ದಾಣದಲ್ಲಿ ಗುಂಗುರುಗೂದಲಿನ ತರುಣನೊಬ್ಬನು ಕನ್ನಡದಲ್ಲಿ ದಾರಿ ಕೇಳಿದರೆ, 'ಇವನು ಯಾವ ದೇಶದವನಪ್ಪ!' ಎಂದು ನೀವು ಬೆರಗಾಗಬಹುದು. ಆತನು ಯಲ್ಲಾಪುರದ ಕಡೆಯ ಸಿದ್ದಿಯಾಗಿರಬಹುದು, ನಮ್ಮ ನಾಡಿನವನೇ.

ಸಿದ್ದಿಗಳ ಪೂರ್ವಿಕರು ಆಫ್ರಿಕದವರು. 16ನೆಯ ಶತಮಾನದಿಂದೀಚೆಗೆ ಪೋರ್ಚುಗೀಸರು ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಸಹ್ಯಾದ್ರಿಯ ಕಾಡು ಸೇರಿದರು. ಅವರ ಸಂತತಿಯವರು ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳಲ್ಲಿದ್ದಾರೆ. ಪೂರ್ವಿಕರ ನುಡಿ ಉಳಿಯಲಿಲ್ಲ. ಕೊಂಕಣಿ, ಕನ್ನಡಗಳು ಆಡುಮಾತಾದವು. ಮತವೂ ಒಂದಾಗಿಲ್ಲ, ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಉಂಟು.

ಹಾಗಾದರೆ ಉಳಿದುದೇನು? ಡಮಾಮಿ. ಮರದ ಕೊಳವೆಯ ಎರಡು ಬಾಯಿಗೂ ಚರ್ಮ ಬಿಗಿದ ಈ ವಾದ್ಯವೂ ಅದರ ಲಯವೂ ಆಫ್ರಿಕದ ಉಳಿಕೆಯೆಂದು ವಿದ್ವಾಂಸರು ಹೇಳುತ್ತಾರೆ. ಮತ ಬೇರೆಯಾದರೂ ಡಮಾಮಿ ಮೊಳಗಿದಾಗ ಎಲ್ಲರೂ ಒಂದೇ ಗತಿಗೆ ಹಾಡಿ ಕುಣಿಯುತ್ತಾರೆ. 2021ರ 'ಸಲಗ' ಚಿತ್ರದ ಹಾಡಿನಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಅವರ ಕೊರಳನ್ನು ನಾಡೆಲ್ಲ ಕೇಳಿತು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಓದನ್ನೂ ಕೆಲಸವನ್ನೂ ಅರಸಿ ತರುಣರು ಪಟ್ಟಣಗಳಿಗೆ ಬರುತ್ತಿದ್ದಾರೆ. ಬರಬೇಕಾದುದೇ. ಆದರೆ ಡಮಾಮಿಯ ಪೆಟ್ಟು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಕೈ ನೋಡಿ ಕಲಿಯಬೇಕು. ಒಂದು ತಲೆಮಾರು ಕಲಿಯದೆ ಹೋದರೆ ಮುಂದಿನವರಿಗೆ ಹೇಳಿಕೊಡುವವರಿಲ್ಲ.

ಆದುದರಿಂದ ಆ ತರುಣನಿಗೆ ದಾರಿ ತೋರಿಸಿ. ದೇಶ ಯಾವುದೆಂದು ಕೇಳಬೇಡಿ; ಊರು ಯಾವುದೆಂದು ಕೇಳಿ, ಡಮಾಮಿಯ ಮಾತೆತ್ತಿ. ತನ್ನ ಹಿರಿಯರ ವಾದ್ಯವನ್ನು ಕೆಂಗೇರಿಯವರೂ ಬಲ್ಲರೆಂದು ತಿಳಿದರೆ, ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅದನ್ನು ಕೈಗೆತ್ತಿಕೊಂಡಾನು.