ಚೆಂಡು ಹೋದಾಗ ಹಿಂದೆ ಯಾರಿದ್ದಾರೆ?

‘ಫುಟ್‌ಬಾಲ್ ಮ್ಯಾನೇಜರ್’ ಎಂಬ ವಿಡಿಯೊ ಗೇಮ್ ಆಡುವವರು ಚೆಂಡನ್ನು ಮುಟ್ಟುವುದೇ ಇಲ್ಲ. ತಂಡ ಕಟ್ಟುತ್ತಾರೆ, ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಮುನ್ನುಗ್ಗಬೇಕು ಎಂದು ಹೇಳಿಕೊಡುತ್ತಾರೆ, ಆಮೇಲೆ ಕೈಕಟ್ಟಿ ಕೂರುತ್ತಾರೆ. ಮುಂದಿನದ್ದೆಲ್ಲ ‘ಮ್ಯಾಚ್ ಎಂಜಿನ್’ ಎಂಬ ಲೆಕ್ಕದ ಯಂತ್ರದ ಪಾಲು.

ಇಂಗ್ಲೆಂಡಿನ ಪಾಲ್ ಮತ್ತು ಆಲಿವರ್ ಕಾಲ್ಯರ್ ಸಹೋದರರು 1992ರಲ್ಲಿ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಹೊರತಂದಾಗ ಪಂದ್ಯವೆಂದರೆ ಪರದೆಯ ಮೇಲೆ ಮೂಡಿ ಮಾಯವಾಗುವ ವೀಕ್ಷಕ ವಿವರಣೆಯ ಸಾಲುಗಳಷ್ಟೇ. 2003ರಲ್ಲಿ ಮೈದಾನವನ್ನು ಮೇಲಿನಿಂದ ನೋಡಿದಂತೆ ಓಡಾಡುವ ಚುಕ್ಕಿಗಳು ಬಂದವು. ಮುಂದೆ ತಯಾರಕರು ಪ್ರಕಾಶಕರಿಂದ ಬೇರ್ಪಟ್ಟಾಗ ಆಟದ ಹೆಸರೇ ‘ಫುಟ್‌ಬಾಲ್ ಮ್ಯಾನೇಜರ್’ ಎಂದು ಬದಲಾಯಿತು. 2009ರ ಆವೃತ್ತಿಯಲ್ಲಿ ಮೂರು ಆಯಾಮದ ಗೊಂಬೆಗಳು ಕಾಣಿಸಿಕೊಂಡವು. ಗೊಂಬೆಗಳು ತುಸು ಪೆದ್ದುಪೆದ್ದಾಗಿ ಓಡುತ್ತವೆ ಎಂದು ನಗುವವರಿದ್ದಾರೆ. ಅವು ಒಳಗೆ ಆಗಲೇ ತೀರ್ಮಾನವಾದದ್ದನ್ನು ಅಭಿನಯಿಸಿ ತೋರಿಸುತ್ತಿರುತ್ತವೆ, ಅಷ್ಟೆ.

ಒಳಗೆ ನಡೆಯುವುದೇನು? ಪ್ರತಿ ಆಟಗಾರನ ಬೆನ್ನಿಗೂ ಮೂವತ್ತಕ್ಕೂ ಹೆಚ್ಚು ಗುಣಗಳ ಪಟ್ಟಿಯಿದೆ. ಒಂದೊಂದಕ್ಕೂ 1ರಿಂದ 20ರವರೆಗೆ ಅಂಕ. ವೇಗ, ಪಾಸಿಂಗ್, ಹೆಡಿಂಗ್‌ನಂಥ ಕಣ್ಣಿಗೆ ಕಾಣುವ ಗುಣಗಳ ಜೊತೆಗೆ ಮುನ್ನರಿವು, ನಿರ್ಧಾರಶಕ್ತಿ, ತಂಡಕ್ಕಾಗಿ ದುಡಿಯುವ ಮನಸ್ಸು ಕೂಡ ಇಲ್ಲಿ ಅಂಕಿಗಳೇ. ಚೆಂಡು ಕಾಲಿಗೆ ಬಂದ ಕ್ಷಣ ಎಂಜಿನ್ ಆ ಆಟಗಾರನ ಮುಂದಿರುವ ದಾರಿಗಳನ್ನು ತೂಗುತ್ತದೆ: ಪಕ್ಕದವನಿಗೆ ಪಾಸ್, ದೂರದ ಪಾಸ್, ಡ್ರಿಬಲ್, ಗೋಲಿನತ್ತ ಹೊಡೆತ. ನಿರ್ಧಾರಶಕ್ತಿಯ ಅಂಕ ಹೆಚ್ಚಿದ್ದವನು ಒಳ್ಳೆಯ ದಾರಿ ಆರಿಸುವ ಸಂಭವ ಹೆಚ್ಚು. ಆರಿಸಿದ ಪಾಸ್ ಗುರಿ ಮುಟ್ಟುತ್ತದೋ ಇಲ್ಲವೋ ಎಂಬುದಕ್ಕೆ ಬೇರೆ ಅಂಕ, ಬೇರೆ ಲೆಕ್ಕ, ಜೊತೆಗೊಂದಿಷ್ಟು ಅದೃಷ್ಟದ ಬೆರಕೆ. ‘ಹೆಚ್ಚು ಡ್ರಿಬಲ್ ಮಾಡು’ ಎಂದು ಮ್ಯಾನೇಜರ್ ಹೇಳಿದರೆ ಆ ಒಂದು ದಾರಿಯ ತೂಕ ತುಸು ಏರುತ್ತದೆ, ಮಿಕ್ಕವು ಮುಚ್ಚಿಹೋಗುವುದಿಲ್ಲ. ಹೇಳಿದ್ದನ್ನು ಆಟಗಾರ ಮಾಡಲೇ ಇಲ್ಲವಲ್ಲ ಎಂದು ಹೊಸಬರು ಸಿಡುಕುವುದು ಇದು ಗೊತ್ತಿಲ್ಲದೆ.

ದಾಳಿ ಮತ್ತು ರಕ್ಷಣೆಯ ನಡುವಿನ ಸಮತೋಲನದ ಪ್ರಶ್ನೆ ಹುಟ್ಟುವುದು ಜಾಗದ ಲೆಕ್ಕದಲ್ಲಿ. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನವೆಂದರೆ 7,140 ಚದರ ಮೀಟರ್. ಗೋಲ್‌ಕೀಪರ್ ಬಿಟ್ಟು ಹತ್ತು ಜನಕ್ಕೆ ಹಂಚಿದರೆ ತಲೆಗೆ 714 ಚದರ ಮೀಟರ್. ಅಷ್ಟನ್ನು ಒಬ್ಬ ಕಾಯುವುದು ಆಗದ ಮಾತು. ಹಾಗಾಗಿ ಯಾವ ತಂಡವೇ ಆಗಲಿ, ಎಲ್ಲೋ ಒಂದು ಕಡೆ ಜಾಗ ಬಿಟ್ಟೇ ಆಡಬೇಕು. ಎಲ್ಲಿ ಬಿಡುತ್ತೀರಿ, ಅಲ್ಲಿಗೆ ಎದುರಾಳಿ ತಲುಪಲು ಎಷ್ಟು ಹೊತ್ತು ಬೇಕು ಎನ್ನುವುದೇ ತಂತ್ರ.

2024ರ ಆವೃತ್ತಿಯವರೆಗೆ ಪ್ರತಿ ಆಟಗಾರನಿಗೂ ಒಂದು ಪಾತ್ರ, ಅದರ ಜೊತೆ ಡಿಫೆಂಡ್, ಸಪೋರ್ಟ್, ಅಟ್ಯಾಕ್‌ನಂಥ ಒಂದು ಹೊಣೆ ಇರುತ್ತಿತ್ತು. ಹುಮ್ಮಸ್ಸಿನಲ್ಲಿ ಆರೇಳು ಜನಕ್ಕೆ ಅಟ್ಯಾಕ್ ಕೊಟ್ಟವರ ಪಾಡು ಮನೆಮಂದಿಯೆಲ್ಲ ಜಾತ್ರೆಗೆ ಹೋಗಿ ಬಾಗಿಲು ತೆರೆದಿಟ್ಟವರ ಪಾಡೇ.

ಎಡಬದಿಯನ್ನೇ ನೋಡಿ. ಬಲಗಾಲಿನ ವಿಂಗರ್ ಒಬ್ಬನನ್ನು ಅಲ್ಲಿ ನಿಲ್ಲಿಸಿ ಒಳಕ್ಕೆ ನುಗ್ಗಲು ಹೇಳಿದ್ದೀರಿ ಎನ್ನಿ. ಅವನು ಒಳಗೆ ಸರಿದಾಗ ಎದುರಾಳಿಯ ಬಲ ಫುಲ್‌ಬ್ಯಾಕ್, ಅಂದರೆ ಆ ಅಂಚು ಕಾಯುವ ಡಿಫೆಂಡರ್, ಅವನ ಬೆನ್ನಿಗೇ ಸರಿಯುತ್ತಾನೆ, ಅಂಚುಗೆರೆಯ ಪಕ್ಕ ಜಾಗ ತೆರೆಯುತ್ತದೆ. ಅದನ್ನು ಬಳಸಿಕೊಳ್ಳಲು ನಿಮ್ಮ ಎಡ ಫುಲ್‌ಬ್ಯಾಕ್ ಓಡಿಬರಬೇಕು. ಇಷ್ಟರವರೆಗೆ ಚೆಂದವೇ. ಆದರೆ ಈಗ ಅವನ ಹಿಂದೆ ಅರ್ಧ ಮೈದಾನ ಖಾಲಿ. ಪಾಸ್ ತಪ್ಪಿತೋ, ಎದುರಾಳಿಯ ಮೊದಲ ಉದ್ದ ಚೆಂಡು ಬೀಳುವುದು ಅಲ್ಲಿಗೇ. ಆದ್ದರಿಂದ ಆ ಬದಿಯ ಮಧ್ಯಭಾಗದಲ್ಲಿ ಕದಲದೆ ನಿಲ್ಲುವ ಮಿಡ್‌ಫೀಲ್ಡರ್ ಒಬ್ಬ ಬೇಕು. ಬಲಗಡೆಯ ಫುಲ್‌ಬ್ಯಾಕ್ ಹಿಂದೆಯೇ ಉಳಿಯಬೇಕು. ಅವನು ಉಳಿದರೆ ಬಲ ಅಂಚಿನಲ್ಲಿ ಅಗಲ ಕೊಡುವವರು ಯಾರು? ಆ ಕಡೆಯ ವಿಂಗರ್ ಒಳಗೆ ನುಗ್ಗದೆ ಗೆರೆಗೆ ಅಂಟಿಕೊಂಡು ಆಡಬೇಕು. ಒಂದು ಓಟಕ್ಕೆ ಅನುಮತಿ ಕೊಟ್ಟದ್ದಕ್ಕೆ ಮೂವರ ಕೆಲಸ ಬದಲಾಯಿತು. ಒಳ್ಳೆಯ ತಂಡಗಳು ಹೆಚ್ಚಾಗಿ ಎಡಬಲ ಒಂದೇ ಥರ ಇರದಿರುವುದು ಇದಕ್ಕೇ.

ಮುಂಚೂಣಿಯಲ್ಲೂ ಇದೇ ನಿಯಮ. ಸ್ಟ್ರೈಕರ್ ಚೆಂಡಿಗಾಗಿ ಕೆಳಗಿಳಿದು ಬರುವವನಾದರೆ ಅವನು ಬಿಟ್ಟ ಜಾಗಕ್ಕೆ ಮಿಡ್‌ಫೀಲ್ಡರ್ ಒಬ್ಬ ಓಡಬೇಕು. ಇಲ್ಲದಿದ್ದರೆ ಎದುರಾಳಿಯ ಸೆಂಟರ್‌ಬ್ಯಾಕ್‌ಗಳು ಆರಾಮವಾಗಿ ಮುಂದೆ ಬಂದು ನಿಮ್ಮನ್ನು ಅಮುಕುತ್ತಾರೆ.

ಚೆಂಡು ಕಸಿಯಲು ಎದುರಾಳಿಯ ಮೇಲೆ ಮುಗಿಬೀಳುವ ಪ್ರೆಸ್ಸಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಂದಿನವರು ಎದುರಾಳಿಯ ಗೋಲಿನವರೆಗೂ ಅಟ್ಟಿಸಿಕೊಂಡು ಹೋಗುವಾಗ ಡಿಫೆನ್ಸ್ ಸಾಲು ತನ್ನ ಪೆನಾಲ್ಟಿ ಬಾಕ್ಸ್ ಬಳಿಯೇ ಕೂತಿದ್ದರೆ ನಡುವೆ ದೊಡ್ಡ ಬಯಲು ಉಳಿಯುತ್ತದೆ. ಎರಡೂ ಒಟ್ಟಿಗೆ ಏರಬೇಕು, ಒಟ್ಟಿಗೆ ಇಳಿಯಬೇಕು. ಸಾಲು ಏರಿಸಿದರೆ ಡಿಫೆಂಡರ್‌ಗಳಿಗೆ ವೇಗ ಬೇಕು. ಎಲ್ಲರಿಗೂ ದಮ್ಮು ಬೇಕು, ಎಪ್ಪತ್ತನೇ ನಿಮಿಷದ ಹೊತ್ತಿಗೆ ಅದು ಇಂಗಿರುತ್ತದೆ.

ಇಷ್ಟೆಲ್ಲ ಸರಿಹೊಂದಿಸಿಯೂ ಸೋಲಬಹುದು. ಗೋಲುಗಳು ಅಪರೂಪವಾಗಿರುವ ಆಟದ ಗಣಿತವೇ ಹಾಗೆ. ನಿಮ್ಮ ತಂಡ ಸರಾಸರಿ 1.8 ಗೋಲು, ಎದುರಾಳಿ 0.9 ಗೋಲು ಹೊಡೆಯುವಷ್ಟು ಅವಕಾಶ ಸೃಷ್ಟಿಸುತ್ತವೆ ಎಂದುಕೊಳ್ಳಿ. ಅಂದರೆ ನೀವು ಎರಡು ಪಟ್ಟು ಉತ್ತಮ. ಸಂಭವಗಳನ್ನು ಲೆಕ್ಕಹಾಕುವ ಪಾಯ್ಸಾನ್ ಸೂತ್ರ ಹಾಕಿ ನೋಡಿದರೆ ನೂರು ಪಂದ್ಯಗಳಲ್ಲಿ ನೀವು ಗೆಲ್ಲುವುದು ಸುಮಾರು 59, ಸಮ ಮಾಡಿಕೊಳ್ಳುವುದು 23, ಸೋಲುವುದು 18. ಈ ಹದಿನೆಂಟರಲ್ಲಿ ಎರಡು ಒಂದರ ಹಿಂದೊಂದು ಬಂದರೆ ಹೆಚ್ಚಿನವರು ತಂತ್ರವನ್ನೇ ಕಿತ್ತು ಹೊಸದು ಹೂಡುತ್ತಾರೆ. ನನ್ನ ಮಟ್ಟಿಗೆ ಈ ಆಟದಲ್ಲಿ ಅತಿ ದುಬಾರಿ ಚಟ ಇದೇ. ಸ್ಕೋರಿಗಿಂತ ಹೆಚ್ಚು ಹೇಳುವುದು ಎದುರಾಳಿಯ ಅವಕಾಶಗಳು ಎಲ್ಲಿಂದ ಹುಟ್ಟಿದವು ಎಂಬುದು. ಐದಾರು ಪಂದ್ಯಗಳಲ್ಲಿ ಅದೇ ಮೂಲೆಯಿಂದ ಹುಟ್ಟುತ್ತಿದ್ದರೆ ಆ ಮೂಲೆಯೊಂದನ್ನೇ ರಿಪೇರಿ ಮಾಡಬೇಕು, ಮಿಕ್ಕದ್ದನ್ನು ಮುಟ್ಟಬಾರದು.

2025ರ ಆವೃತ್ತಿಯನ್ನು ರದ್ದು ಮಾಡಿದ ತಯಾರಕರು ಅದೇ ವರ್ಷದ ನವೆಂಬರ್‌ನಲ್ಲಿ ‘ಫುಟ್‌ಬಾಲ್ ಮ್ಯಾನೇಜರ್ 26’ ಬಿಡುಗಡೆ ಮಾಡಿದರು. ಡಿಫೆಂಡ್, ಸಪೋರ್ಟ್, ಅಟ್ಯಾಕ್ ಹೊಣೆಗಳು ಅದರಲ್ಲಿಲ್ಲ. ಬದಲಿಗೆ ಚೆಂಡು ನಮ್ಮಲ್ಲಿರುವಾಗಿನ ವ್ಯೂಹ ಒಂದು, ಎದುರಾಳಿಯಲ್ಲಿರುವಾಗಿನದು ಇನ್ನೊಂದು. ಫುಲ್‌ಬ್ಯಾಕ್ ಮೊದಲನೆಯದರಲ್ಲಿ ಮಿಡ್‌ಫೀಲ್ಡಿಗೆ ಸರಿದು ಎರಡನೆಯದರಲ್ಲಿ ಅಂಚಿಗೆ ಮರಳಬಹುದು. ಇಂದಿನ ನಿಜವಾದ ಫುಟ್‌ಬಾಲಿಗೆ ಇದು ಹತ್ತಿರ, ಆದರೆ ಲೆಕ್ಕ ಸುಲಭವಾಗಿಲ್ಲ. ಒಂದು ವ್ಯೂಹದಿಂದ ಇನ್ನೊಂದಕ್ಕೆ ಹನ್ನೊಂದು ಜನ ಓಡಿ ತಲುಪಲು ಸಮಯ ಹಿಡಿಯುತ್ತದೆ. ಒಬ್ಬ ಆಟಗಾರನ ಎರಡು ಜಾಗಗಳ ನಡುವಿನ ದೂರ ಹೆಚ್ಚಿದಷ್ಟೂ ಅವನು ಯಾವ ಸಾಲಿಗೂ ಸೇರದ ಆ ನಡುಗಾಲ ಉದ್ದವಾಗುತ್ತದೆ. ಎದುರಾಳಿಯ ಕೌಂಟರ್ ಅಟ್ಯಾಕ್ ಬರುವುದೂ ಆ ಕೆಲವೇ ಸೆಕೆಂಡುಗಳಲ್ಲಿ.