ಕೆಲಸಕ್ಕೆ ಎಸ್‌ಎಸ್‌ಡಿ, ಕಣಜಕ್ಕೆ ಹಾರ್ಡ್ ಡಿಸ್ಕ್

ತಿಪಟೂರಿನ ನನ್ನ ರಿಪೇರಿ ಅಂಗಡಿಗೆ ಕಳೆದ ಜೂನಿನಲ್ಲಿ ಶಾಲೆಯ ಮೇಷ್ಟ್ರೊಬ್ಬರು ಏಳು ವರ್ಷದ ಹಳೆಯ ಲ್ಯಾಪ್‌ಟಾಪ್ ತಂದರು. "ಇದು ಆನ್ ಆಗೋಷ್ಟರಲ್ಲಿ ಒಲೆ ಮೇಲಿನ ಅನ್ನ ಬೆಂದಿರುತ್ತೆ. ಹೊಸದೇ ತಗೊಳ್ಲಾ?"

"ಬೇಡ ಸಾರ್, ಸಂಜೆ ಬನ್ನಿ" ಅಂದೆ. ಒಳಗಿದ್ದ ಹಾರ್ಡ್ ಡಿಸ್ಕ್ ಬಿಚ್ಚಿ, ಅದರಲ್ಲಿದ್ದದ್ದನ್ನೆಲ್ಲ 256 ಜಿಬಿಯ ಎಸ್‌ಎಸ್‌ಡಿಗೆ ನಕಲಿಸಿ, ಅದೇ ಜಾಗದಲ್ಲಿ ಕೂರಿಸಿದೆ. ಮೂರು ನಿಮಿಷ ಹಿಡಿಯುತ್ತಿದ್ದ ಲ್ಯಾಪ್‌ಟಾಪ್ ಇಪ್ಪತ್ತು ಸೆಕೆಂಡಿನಲ್ಲಿ ಎದ್ದಿತು.

ಯಾಕೆ ಹೀಗೆ ಎಂದು ಕೇಳುವವರಿಗೆ ತೋರಿಸಲೆಂದೇ ಬಿಚ್ಚಿದ ಹಾರ್ಡ್ ಡಿಸ್ಕೊಂದನ್ನು ಮೇಜಿನ ಮೇಲಿಟ್ಟಿದ್ದೇನೆ. ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ಮೇಲೆ ಗ್ರಾಮಫೋನಿನದರಂಥ ಒಂದು ತೋಳು. ಲ್ಯಾಪ್‌ಟಾಪಿನಲ್ಲಿ ಈ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಒಂದೊಂದು ಫೈಲಿಗೂ ತೋಳು ಸರಿಯಬೇಕು, ತಟ್ಟೆಯ ಆ ಜಾಗ ತಿರುಗಿ ಬರುವವರೆಗೆ ಕಾಯಬೇಕು. ಕಂಪ್ಯೂಟರ್ ಶುರುವಾಗುವಾಗ ಬೇಕಾಗುವುದು ಸಾವಿರಾರು ಸಣ್ಣ ಫೈಲುಗಳು; ಕಾಯುವುದೆಲ್ಲ ಸೇರಿ ನಿಮಿಷಗಳಾಗುತ್ತವೆ. 1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು, ಹಿಡಿಯುತ್ತಿದ್ದದ್ದು ಸುಮಾರು 3.75 ಎಂಬಿ. ಅಂದಿನಿಂದ ತಟ್ಟೆ ಕುಗ್ಗಿದೆ, ತಿರುಗುವುದು ತಪ್ಪಿಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ತೋಷಿಬಾದಲ್ಲಿದ್ದ ಫುಜಿಯೊ ಮಸುಒಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಚಿಪ್ಪುಗಳು ಅದರೊಳಗಿವೆ. ಕೇಳಿದ ಕೂಡಲೇ ಕೊಡುತ್ತವೆ.

ಎಸ್‌ಎಸ್‌ಡಿಯಲ್ಲೂ ಸಾಟಾ, ಎನ್‌ವಿಎಂಇ ಎಂಬ ಎರಡು ಬಗೆ. ಎನ್‌ವಿಎಂಇ ಹಲವು ಪಟ್ಟು ವೇಗ, ನಿಜ. ಆದರೆ ಬಿಲ್ಲು, ಪತ್ರ ಟೈಪು ಮಾಡುವವರಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ನಿಮ್ಮ ಯಂತ್ರದಲ್ಲಿ ಯಾವುದಕ್ಕೆ ಜಾಗವಿದೆಯೋ ಅದನ್ನೇ ಹಾಕಿಸಿ.

ಹಾಗೆಂದು ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕಬೇಡಿ. ನಾಲ್ಕು ಟಿಬಿ ಜಾಗ ಬೇಕೆನ್ನುವ ಮದುವೆ ಫೋಟೊಗ್ರಾಫರಿಗೆ ಈಗಲೂ ಅಗ್ಗ ಅದೇ. ವರ್ಷಗಟ್ಟಲೆ ಕರೆಂಟಿಲ್ಲದೆ ಬೀರುವಿನಲ್ಲಿಟ್ಟರೆ ಎಸ್‌ಎಸ್‌ಡಿಯ ಚಿಪ್ಪಿನೊಳಗಿನ ವಿದ್ಯುದಂಶ ಮೆಲ್ಲನೆ ಸೋರುತ್ತದೆ. ಇಟ್ಟು ಮರೆಯುವ ವಸ್ತು ಅದಲ್ಲ. ಕೆಡುವಾಗ ಹಾರ್ಡ್ ಡಿಸ್ಕ್ ಎಷ್ಟೋ ಸಲ ಕಿರುಗುಟ್ಟಿ ಮುನ್ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ನಿನ್ನೆ ಚೆನ್ನಾಗಿದ್ದದ್ದು ಇವತ್ತು ಏಳದೇ ಹೋಗಬಹುದು.

ಹಾರ್ಡ್ ಡಿಸ್ಕಿಗೆ ಆಗದಿರುವುದು ಪೆಟ್ಟು. ಫೋಟೊಗ್ರಾಫರೊಬ್ಬರ ಎಕ್ಸ್‌ಟರ್ನಲ್ ಡಿಸ್ಕ್ ಓಡುತ್ತಿರುವಾಗಲೇ ಮೇಜಿನಿಂದ ಬಿತ್ತು. ನನ್ನ ಹತ್ತಿರ ತಂದಾಗ ಟಿಕ್ ಟಿಕ್ ಅನ್ನುತ್ತಿತ್ತು: ತೋಳು ತಟ್ಟೆಯನ್ನು ಗೀರಿತ್ತು. ಹನ್ನೊಂದು ಮದುವೆಯ ಫೋಟೊ, ಒಂದೂ ಬರಲಿಲ್ಲ. ಧಾರೆ ಎರೆದ ತಿಂಗಳಲ್ಲೇ ತೀರಿಕೊಂಡ ತಂದೆಯ ಫೋಟೊ ಕೇಳಿಕೊಂಡು ಒಬ್ಬ ಹೆಣ್ಣುಮಗಳು ನನ್ನ ಅಂಗಡಿಯವರೆಗೂ ಬಂದಿದ್ದರು. ಅವರ ಮುಖ ನೋಡಲು ನನಗಾಗಲಿಲ್ಲ. ಇದ್ದದ್ದು ಅದೊಂದೇ ಪ್ರತಿ.

ಮೇಷ್ಟ್ರ ಹಳೆಯ ಡಿಸ್ಕನ್ನು ಪರೀಕ್ಷಿಸಿದೆ, ಇನ್ನೂ ಗಟ್ಟಿಯಿತ್ತು. ಯುಎಸ್‌ಬಿ ಕೇಸಿಗೆ ಹಾಕಿ ಅವರ ಕೈಗೇ ಕೊಟ್ಟೆ: "ತಿಂಗಳಿಗೊಂದು ಸಲ ಎಲ್ಲಾನೂ ಇದಕ್ಕೂ ಹಾಕ್ಕೊಳ್ಳಿ ಸಾರ್." ನಿಮ್ಮ ಮನೆಯ ಫೋಟೊಗಳೂ ಒಂದೇ ಕಡೆ ಇದ್ದರೆ, ದಯವಿಟ್ಟು ಇವತ್ತೇ ಇನ್ನೊಂದು ಪ್ರತಿ ಮಾಡಿಡಿ.