ಮೇಜಿನ ಸುತ್ತ ಕೂತ ಖಳರು

1970ರ ದಶಕದ ಆರಂಭ. ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಡೇವ್ ಆರ್ನೆಸನ್ ಎಂಬ ತರುಣನ ಮನೆಯ ನೆಲಮಾಳಿಗೆಗೆ ಬಿಡುವು ಸಿಕ್ಕಾಗಲೆಲ್ಲ ಗೆಳೆಯರ ದಂಡು ಬರುತ್ತಿತ್ತು. ಅವನು ಕಟ್ಟಿದ್ದ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ಸೀಮೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಅವರಲ್ಲೊಬ್ಬನ ಪಾತ್ರ ಆಟದ ನಡುವೆ ರಕ್ತ ಹೀರುವ ಪಿಶಾಚಿಯಾಗಿಬಿಟ್ಟಿತು. ಅದಕ್ಕೆ ಸರ್ ಫ್ಯಾಂಗ್ ಎಂದು ಹೆಸರಾಯಿತು. ಫ್ಯಾಂಗ್ ಬಲಿಯುತ್ತ ಹೋದ, ಉಳಿದವರು ಕಂಗಾಲಾದರು. ಕೊನೆಗೆ ಅವನನ್ನು ಮಣಿಸಲೆಂದೇ ಮೈಕ್ ಕಾರ್ ಎಂಬ ಇನ್ನೊಬ್ಬ ಆಟಗಾರನಿಗೆ ಹೊಸ ಬಗೆಯ ಪಾತ್ರವೊಂದನ್ನು ರೂಪಿಸಿಕೊಟ್ಟರು. ಹಳೆಯ ಡ್ರಾಕುಲಾ ಸಿನಿಮಾಗಳ ಪಿಶಾಚಿ ಬೇಟೆಗಾರನನ್ನು ಹೋಲುವ ಪಾದ್ರಿ ಅವನು.

ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ಸೇರಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟವನ್ನು ಹೊರತಂದಾಗ ಅದರಲ್ಲಿದ್ದ ಪಾತ್ರವರ್ಗಗಳು ಮೂರೇ: ಯೋಧ, ಮಾಂತ್ರಿಕ, ಮತ್ತು 'ಕ್ಲೆರಿಕ್' ಎಂಬ ಆ ಪಾದ್ರಿ. ಮೂರರಲ್ಲಿ ಒಂದು ಹುಟ್ಟಿದ್ದೇ ಆಟಗಾರನೊಬ್ಬ ಖಳನಾದದ್ದರಿಂದ.

ಈ ಬಗೆಯ ಆಟಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿ ನೋಡಿದವರಿಗೆ, ಹುಡುಗರು ನೆಲಮಾಳಿಗೆಯಲ್ಲಿ ದಾಳ ಉರುಳಿಸಿ ಕಿರುಚಾಡುವ ದೃಶ್ಯ ನೆನಪಿರಬಹುದು. ಚೌಕಾಬಾರದಂತೆ ಇಲ್ಲಿ ಕಾಯಿ ಹಣ್ಣು ಮಾಡುವ ಗುರಿಯಿಲ್ಲ. ಡಂಜನ್ ಮಾಸ್ಟರ್ ಎನಿಸಿಕೊಂಡವರು ಸನ್ನಿವೇಶ ಹೇಳುತ್ತಾರೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಎಲ್ಲರ ಪಾತ್ರಗಳೂ ಒಂದೇ ತಂಡ. ರಾಕ್ಷಸರು, ಖಳರು ಮಾಸ್ಟರ್ ಪಾಲಿಗೆ ಬಿಟ್ಟದ್ದು. ಆದರೆ ತಂಡದೊಳಗಿನವನೇ 'ನಾನು ಕೆಟ್ಟವನು' ಎಂದು ಕೂತರೆ? ಐವತ್ತು ವರ್ಷಗಳಿಂದ ಈ ಆಟಗಳ ನಿಯಮ ಬರೆಯುವವರನ್ನು ಕಾಡಿದ ಪ್ರಶ್ನೆ ಇದು.

ಮೊದಲ ಆವೃತ್ತಿಯಲ್ಲಿ ಒಳ್ಳೆಯದು ಕೆಟ್ಟದ್ದರ ಲೆಕ್ಕವೇ ಇರಲಿಲ್ಲ. ಪ್ರತಿ ಪಾತ್ರವೂ ಕ್ರಮ, ಅವ್ಯವಸ್ಥೆ, ತಟಸ್ಥ ಎಂಬ ಮೂರರಲ್ಲಿ ಒಂದು ಬಣಕ್ಕೆ ಸೇರಬೇಕಿತ್ತು. ಪೋಲ್ ಆಂಡರ್ಸನ್, ಮೈಕೆಲ್ ಮೂರ್‌ಕಾಕ್ ಅವರ ಕಾದಂಬರಿಗಳಿಂದ ಬಂದ ಕಲ್ಪನೆ ಅದು. ಒಳಿತು ಕೆಡುಕುಗಳನ್ನು ಬೇರೆಯದೇ ಅಳತೆಗೋಲಾಗಿ ಗೈಗ್ಯಾಕ್ಸ್ ಸೇರಿಸಿದ್ದು 1976ರ ಲೇಖನವೊಂದರಲ್ಲಿ. 1978ರ ಆಟಗಾರರ ಕೈಪಿಡಿಯ ಹೊತ್ತಿಗೆ ಅದು ಒಂಬತ್ತು ಮನೆಗಳ ಚೌಕವಾಗಿತ್ತು. ಕಾನೂನನ್ನೇ ಆಯುಧ ಮಾಡಿಕೊಂಡು ಜನರನ್ನು ಹಿಂಡುವ ದಬ್ಬಾಳಿಕೆಗಾರ ಒಂದು ಮೂಲೆಗೆ, ಯಾವ ಕಟ್ಟುಪಾಡೂ ಇಲ್ಲದೆ ಸುಟ್ಟು ಬೂದಿ ಮಾಡುವವನು ಇನ್ನೊಂದು ಮೂಲೆಗೆ.

ಅದೇ ಕೈಪಿಡಿ ತನ್ನೊಳಗೇ ಒಂದು ಜಗಳವನ್ನೂ ಇಟ್ಟುಕೊಂಡಿತ್ತು. ಅದರ ಪ್ರಕಾರ 'ಅಸ್ಯಾಸಿನ್' ಎಂಬ ಹಂತಕ ಕೆಟ್ಟವನೇ ಆಗಿರಬೇಕು. 'ಪ್ಯಾಲಡಿನ್' ಎಂಬ ಧರ್ಮಯೋಧ ಒಳ್ಳೆಯವನಾಗಿದ್ದರೆ ಸಾಲದು, ಕೆಟ್ಟವರ ಸಂಗವನ್ನೂ ಮಾಡುವಂತಿಲ್ಲ. ಸಾಲದ್ದಕ್ಕೆ 60 ಅಡಿ ದೂರದಲ್ಲಿರುವ ಕೆಡುಕನ್ನು ಮೂಸಿ ಹಿಡಿಯುವ ಶಕ್ತಿ ಬೇರೆ ಅವನಿಗೆ. ಇವರಿಬ್ಬರನ್ನೂ ಆರಿಸಿಕೊಂಡ ಗೆಳೆಯರ ತಂಡದ ಪಾಡು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಗುತ್ತಿತ್ತು.

ಹಾಗೆಂದು ಕೆಟ್ಟ ಪಾತ್ರಗಳೆಲ್ಲ ಆಟ ಕೆಡಿಸಿದವೆಂದಲ್ಲ. ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಗೈಗ್ಯಾಕ್ಸ್ ಮನೆಯ ಆಟಕ್ಕೆ ಬರುತ್ತಿದ್ದ ರಾಬ್ ಕುಂಟ್ಸ್‌ನ ಪಾತ್ರ ರೋಬಿಲಾರ್ ಅಪ್ಪಟ ಸ್ವಾರ್ಥಿ. ಪ್ರಾಣಾಪಾಯವಿರುವ ಬಾಗಿಲಿಗೆ ಓರ್ಕ್ ಎಂಬ ರಾಕ್ಷಸ ಜಾತಿಯ ತನ್ನ ಸೇವಕರನ್ನು ಮುಂದೆ ದೂಡಿ, ಅವರು ಸತ್ತ ಮೇಲೆ ತಾನು ದಾಟುವ ಜಾತಿ. ಗೈಗ್ಯಾಕ್ಸ್ ಕಲ್ಪಿಸಿದ್ದ ಗ್ರೇಹಾಕ್ ಕೋಟೆಯ ತಳದಲ್ಲಿ ಸೆರೆಯಿದ್ದ ಇಯುಝ್ ಎಂಬ ದುಷ್ಟ ದೈವವನ್ನು ಬಿಡುಗಡೆ ಮಾಡಿದ ಕೀರ್ತಿಯೂ ಅವನದೇ. ಆ ಇಯುಝ್ ಮುಂದೆ ಪ್ರಕಟಿತ ಆಟದ ಭೂಪಟದಲ್ಲಿ ಒಂದು ರಾಜ್ಯವನ್ನೇ ಆಳಿದ. ಕುಂಟ್ಸ್ ಎಷ್ಟೋ ಸಲ ಒಬ್ಬನೇ ಬಂದು ಆಡುತ್ತಿದ್ದ ಎಂಬುದನ್ನು ಇಲ್ಲಿ ಗಮನಿಸಬೇಕು. ರೋಬಿಲಾರ್‌ನ ಕೇಡಿಗೆ ಬಲಿಯಾದವರು ಕಾಲ್ಪನಿಕ ಓರ್ಕ್‌ಗಳೇ ಹೊರತು ಪಕ್ಕದ ಕುರ್ಚಿಯ ಗೆಳೆಯರಲ್ಲ.

ತೊಡಕು ಶುರುವಾಗುವುದು ಪಕ್ಕದ ಕುರ್ಚಿಯಿಂದ. ಅದೇ 1978ರ ನಿಯಮದಂತೆ ನಡೆಯುವ ಒಂದು ರಾತ್ರಿಯ ಆಟವನ್ನು ಊಹಿಸಿಕೊಳ್ಳಿ. ತಂಡ ಗುಹೆಯಲ್ಲಿ ನಿಧಿ ಗೆದ್ದು ಮಲಗಿದೆ. ಕಳ್ಳನ ಪಾತ್ರದವನು ಮಾಸ್ಟರ್ ಕೈಗೆ ಸದ್ದಿಲ್ಲದೆ ಒಂದು ಚೀಟಿ ದಾಟಿಸುತ್ತಾನೆ: 'ಯೋಧನ ಚೀಲದಿಂದ ರತ್ನ ಕದಿಯುತ್ತೇನೆ.' ಮೊದಲ ಹಂತದ ಕಳ್ಳನಿಗೆ ಜೇಬುಗಳ್ಳತನದಲ್ಲಿ ಗೆಲ್ಲುವ ಸಾಧ್ಯತೆ ನೂರಕ್ಕೆ 30. ದಾಳದಲ್ಲಿ 30 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ರತ್ನ ಅವನದು. 31ರಿಂದ 50ರೊಳಗೆ ಬಿದ್ದರೆ ಬರಿಗೈ, ಆದರೆ ಯಾರಿಗೂ ಗೊತ್ತಾಗದು. 50 ದಾಟಿತೋ, ಸಿಕ್ಕಿಬಿದ್ದ. ದಾಳ ಉರುಳುತ್ತದೆ, 27. ಮಾಸ್ಟರ್ ಮುಖದಲ್ಲಿ ಏನೂ ತೋರಿಸಿಕೊಳ್ಳುವುದಿಲ್ಲ. ಮುಂದಿನ ವಾರ ಯೋಧನ ಪಾತ್ರದವನು ರತ್ನ ಮಾರಲು ಸಂತೆಗೆ ಹೋಗುತ್ತಾನೆ, ಚೀಲ ಖಾಲಿ. ಮೇಜಿನ ಸುತ್ತ ಎಲ್ಲರ ಕಣ್ಣೂ ಒಬ್ಬನ ಮೇಲೆ. ಅವನ ಉತ್ತರ ಸಿದ್ಧವಾಗಿರುತ್ತದೆ: 'ನಾನೇನು ಮಾಡಲಿ, ನನ್ನ ಪಾತ್ರ ಇರೋದೇ ಹಾಗೆ!'

ಜಗತ್ತಿನ ಯಾವ ಮೂಲೆಯ ಆಟಗಾರರನ್ನು ಕೇಳಿದರೂ ಈ ಮಾತಿಗೆ ನಿಟ್ಟುಸಿರು ಬಿಡುತ್ತಾರೆ. ಉಂಡ ಮನೆಗೆ ಎರಡು ಬಗೆದ ಪಾತ್ರವನ್ನು ತಂಡದ ಇತರರು ಹೊರಗಟ್ಟಲಾರರು, ಏಕೆಂದರೆ ಪಾತ್ರವನ್ನು ಅಟ್ಟಿದರೆ ಗೆಳೆಯನನ್ನೂ ಆಟದಿಂದ ಎಬ್ಬಿಸಿದಂತೆ. ಕದ್ದವನಿಗೆ ಆ ಮುಲಾಜು ರಕ್ಷಾಕವಚವಾಗುತ್ತದೆ. ರತ್ನ ಕಾಲ್ಪನಿಕ, ಕಳೆದುಕೊಂಡವನ ಸಿಟ್ಟು ಮಾತ್ರ ನಿಜ.

1980ರ ದಶಕದಲ್ಲಿ ಈ ಆಟದ ಕೆಡುಕು ಸಾರ್ವಜನಿಕ ವಿವಾದವೂ ಆಯಿತು, ಆದರೆ ಬೇರೆಯದೇ ಕಾರಣಕ್ಕೆ. ಮಗನ ಆತ್ಮಹತ್ಯೆಗೆ ಆಟವೇ ಕಾರಣವೆಂದು ನಂಬಿದ ವರ್ಜೀನಿಯಾದ ಪೆಟ್ರೀಶಿಯಾ ಪುಲ್ಲಿಂಗ್ 1983ರಲ್ಲಿ ಇದರ ವಿರುದ್ಧ ಸಂಘಟನೆ ಕಟ್ಟಿದರು. 1985ರಲ್ಲಿ ಸಿಬಿಎಸ್ ವಾಹಿನಿಯ '60 ಮಿನಿಟ್ಸ್' ಈ ಆರೋಪಗಳನ್ನು ದೇಶದ ಮುಂದಿಟ್ಟಿತು. ಆರೋಪಗಳಿಗೆ ಪುರಾವೆ ಸಿಗಲಿಲ್ಲ, ಆದರೂ ಪ್ರಕಾಶಕರು ಹೆದರಿದರು. 1989ರ ಎರಡನೆಯ ಆವೃತ್ತಿಯಲ್ಲಿ ಹಂತಕನ ವರ್ಗವನ್ನು ಕೈಬಿಟ್ಟರು. ದೆವ್ವಗಳಿಗೆ ಮುಂದೆ 'ಟನಾರಿ', 'ಬಾಟೆಜು' ಎಂಬ ಹೊಸ ಹೆಸರು ಬಂತು. ಆಟದಿಂದ ತೆಗೆದದ್ದು ಹೊರಗಿನವರಿಗೆ ಕಾಣುವ ಕೆಡುಕನ್ನು ಮಾತ್ರ. ಗೆಳೆಯನ ಚೀಲಕ್ಕೆ ಕೈಹಾಕುವ ಕಳ್ಳ ಹಾಗೇ ಉಳಿದ.

ಅದಕ್ಕೆ ಮದ್ದು ಹುಡುಕಿದ್ದು ಬೇರೆ ಆಟಗಳು, ಅದೂ ಬಗೆಬಗೆಯಾಗಿ. 1984ರ 'ಪ್ಯಾರನೋಯಾ' ದ್ರೋಹವನ್ನೇ ಎಲ್ಲರಿಗೂ ಸಮನಾಗಿ ಹಂಚಿತು. ಅಲ್ಲಿ ದ್ರೋಹಿಗಳನ್ನು ಹಿಡಿಯುವುದು ಎಲ್ಲರ ಕೆಲಸ, ಆದರೆ ಪ್ರತಿಯೊಬ್ಬರೂ ಗುಟ್ಟಾಗಿ ದ್ರೋಹಿಗಳೇ. ಸತ್ತರೆ ಚಿಂತೆಯಿಲ್ಲ, ಪ್ರತಿ ಪಾತ್ರಕ್ಕೂ ತದ್ರೂಪಿಗಳುಂಟು. ಮೋಸ ಹೋದವರೂ ನಗುತ್ತಾರೆ, ಏಕೆಂದರೆ ಅವರೂ ಮೋಸದ ಹಂಚಿಕೆಯಲ್ಲೇ ಇದ್ದರು. 1991ರ 'ವ್ಯಾಂಪೈರ್: ದ ಮಾಸ್ಕರೇಡ್' ಕೆಡುಕಿಗೆ ಬೆಲೆ ಕಟ್ಟಿತು. ಅಲ್ಲಿ ಎಲ್ಲರೂ ರಕ್ತಪಿಶಾಚಿಗಳು, ಪ್ರತಿಯೊಬ್ಬರಿಗೂ 'ಮಾನವೀಯತೆ' ಎಂಬ ಅಂಕ. ಕ್ರೌರ್ಯ ಎಸಗಿದಂತೆ ಅದು ಇಳಿಯುತ್ತದೆ. ಸೊನ್ನೆಗೆ ಬಂದರೆ ಪಾತ್ರ ಆಟಗಾರನ ಕೈತಪ್ಪಿ, ಮಾಸ್ಟರ್ ಸ್ಥಾನದಲ್ಲಿರುವ ನಿರೂಪಕನ ವಶವಾಗುತ್ತದೆ.

2003ರಲ್ಲಿ ಪಾಲ್ ಚೆಗೆ ರಚಿಸಿದ 'ಮೈ ಲೈಫ್ ವಿತ್ ಮಾಸ್ಟರ್' ಇನ್ನೂ ಆಳಕ್ಕಿಳಿಯಿತು. ಆಟಗಾರರೆಲ್ಲ ಹುಚ್ಚು ಒಡೆಯನೊಬ್ಬನ ಚಾಕರರು. ಅವನು ಹೇಳಿದಂತೆ ಊರ ಜನರನ್ನು ಪೀಡಿಸುವುದೇ ಕಸುಬು. ಪೀಡಿಸುತ್ತಲೇ ಊರವರ ಪ್ರೀತಿಗೂ ಹಾತೊರೆಯುತ್ತಾರೆ. ಚಾಕರನೊಬ್ಬ ಗಳಿಸಿದ ಪ್ರೀತಿಯ ಅಂಕ, ಭಯ ಮತ್ತು ದಣಿವುಗಳ ಮೊತ್ತವನ್ನು ಮೀರಿದ ಗಳಿಗೆಯಲ್ಲಿ ಅವನು ಒಡೆಯನಿಗೆ ತಿರುಗಿ ಬೀಳಬಹುದು. ಕಥೆ ಮುಕ್ತಾಯದತ್ತ ಹೊರಳುವುದು ಅಲ್ಲಿಂದಲೇ.

'ಪಾತ್‌ಫೈಂಡರ್' ಎಂಬ ಇಂಥದೇ ಆಟ ಹೊರತರುವ ಪೈಜೋ ಪ್ರಕಾಶನದ ನಡೆಯೂ ಕುತೂಹಲದ್ದು. ಅಪರಿಚಿತರು ಒಟ್ಟಾಗಿ ಕೂತು ಆಡುವ ತನ್ನ 'ಪಾತ್‌ಫೈಂಡರ್ ಸೊಸೈಟಿ' ಕೂಟಗಳಲ್ಲಿ ಅದು ಕೆಟ್ಟ ಪಾತ್ರಗಳನ್ನು ನಿಷೇಧಿಸಿತ್ತು. ಅದೇ ಸಂಸ್ಥೆ 2016ರಲ್ಲಿ ಖಳರಿಗಾಗಿಯೇ 'ಹೆಲ್ಸ್ ವೆಂಜನ್ಸ್' ಎಂಬ ಆರು ಸಂಪುಟಗಳ ಸಾಹಸಕಥೆ ಹೊರತಂದಿತು. ಅದರಲ್ಲಿ ಆಟಗಾರರು ದೌರ್ಜನ್ಯದ ಅರಸುಮನೆಯೊಂದರ ಪರವಾಗಿ ದಂಗೆ ಅಡಗಿಸುವವರು. ಎಲ್ಲರೂ ಒಪ್ಪಿ ಕೂತಿರುತ್ತಾರೆ, ಎಲ್ಲರಿಗೂ ಒಬ್ಬನೇ ಧಣಿ, ಒಂದೇ ಶತ್ರು. ಖಳರಾದರೂ ಒಬ್ಬರ ಚೀಲಕ್ಕೆ ಇನ್ನೊಬ್ಬರು ಕೈಹಾಕಬೇಕಾದ ಪ್ರಮೇಯವಿಲ್ಲ. ನಿಷೇಧಕ್ಕೂ ಪ್ರಕಟಣೆಗೂ ಇರುವ ಅಂತರ ಆ ಒಪ್ಪಿಗೆಯಷ್ಟೇ.

ಹಾಗಾಗಿ ಈಗಿನ ಆಟಗಾರರು ಕಥೆ ಶುರುವಾಗುವ ಮೊದಲೇ 'ಸೆಶನ್ ಝೀರೋ' ಎಂದು ಒಂದು ದಿನ ಕೂತು ಮಾತಾಡುತ್ತಾರೆ. ಕೆಟ್ಟ ಪಾತ್ರ ಇರಬಹುದೇ, ತಂಡದೊಳಗಿನ ಕಳ್ಳತನ ನಡೆಯುತ್ತದೆಯೇ, ಯಾವ ವಿಷಯ ಆಟದಲ್ಲಿ ಬರಲೇಬಾರದು, ಯಾವುದು ಬಂದರೂ ವರ್ಣನೆಯಿಲ್ಲದೆ ಸರಿದುಹೋಗಬೇಕು ಎಂಬುದೆಲ್ಲ ಅಲ್ಲಿ ಇತ್ಯರ್ಥ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ 'ಎಕ್ಸ್ ಕಾರ್ಡ್' ಇನ್ನೂ ಸರಳ. ಎಕ್ಸ್ ಎಂದು ಬರೆದ ಒಂದು ಕಾರ್ಡು ಮೇಜಿನ ನಡುವೆ ಇರುತ್ತದೆ. ಯಾರಿಗಾದರೂ ಕಿರಿಕಿರಿಯಾದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಹೇಳಬೇಕಿಲ್ಲ, ಆ ಸಂಗತಿಯನ್ನು ಕಥೆಯಿಂದ ಕೈಬಿಡುತ್ತಾರೆ.

ಒಂಬತ್ತು ಮನೆಗಳ ಆ ಚೌಕವನ್ನು ಪಾತ್‌ಫೈಂಡರ್ 2023ರ ಪರಿಷ್ಕರಣೆಯಲ್ಲಿ ಕೈಬಿಟ್ಟಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 2024ರ ಕೈಪಿಡಿಯಲ್ಲೂ ಉಳಿಸಿಕೊಂಡಿದೆ. ಸರ್ ಫ್ಯಾಂಗ್‌ಗಾಗಿ ಹುಟ್ಟಿದ ಪಾದ್ರಿಯೂ ಆ ಕೈಪಿಡಿಯಲ್ಲಿದ್ದಾನೆ. ಸತ್ತೂ ಓಡಾಡುವವರನ್ನು ಹೆದರಿಸಿ ಓಡಿಸುವ ಶಕ್ತಿ ಅವನಿಗೆ ಎರಡನೆಯ ಹಂತದಲ್ಲೇ ಸಿಗುತ್ತದೆ.